ಎಡ ಮೂಲೆಯ ಇಬ್ಬರು

ಕಬಡ್ಡಿ ನೋಡುವವರ ಕಣ್ಣು ಸಾಮಾನ್ಯವಾಗಿ ರೈಡರ್ ಮೇಲಿರುತ್ತದೆ. ಒಬ್ಬಳೇ ಗೆರೆ ದಾಟಿ ಬಂದು, ಏಳು ಜನರ ನಡುವೆ ಉಸಿರು ಹಿಡಿದು ಆಡಿ, ಯಾರನ್ನಾದರೂ ಮುಟ್ಟಿ ಓಡಿಹೋಗುವವಳು ಆಕೆ. ಎದುರಿಗಿರುವ ಏಳು ಜನ ಏನು ಮಾಡುತ್ತಿದ್ದಾರೆಂದು ಗಮನಿಸುವವರು ಕಡಿಮೆ. ಅವರು ಕೈ ಹಿಡಿದುಕೊಂಡು ನಿಂತಿರುತ್ತಾರೆ. ಎಲ್ಲರೂ ಒಟ್ಟಾಗಿ ಅಲ್ಲ, ಹೆಚ್ಚಾಗಿ ಇಬ್ಬಿಬ್ಬರು. ಎಡ ಮೂಲೆಯಲ್ಲಿ ನಿಲ್ಲುವವಳನ್ನು ನಾವು ಕಾರ್ನರ್ ಅನ್ನುತ್ತೇವೆ. ಅವಳ ಪಕ್ಕದಲ್ಲಿ, ಒಂದು ಹೆಜ್ಜೆ ಒಳಗೆ ನಿಲ್ಲುವವಳು ನಾನು. ರೈಡರ್ ಮೂಲೆಯತ್ತ ಬಂದರೆ ನಾವಿಬ್ಬರೂ ಹಿಡಿದ ಕೈ ಬಿಡದೆ ಅವಳ ಬೆನ್ನ ಹಿಂದೆ ಸುತ್ತಿ ಬರಬೇಕು. ಆಗ ಅವಳು ಗೆರೆಗೆ ಹಿಂದಿರುಗುವ ದಾರಿ ಮುಚ್ಚುತ್ತದೆ. ಒಂದು ಕ್ಷಣ ಕೈ ಸಡಿಲವಾದರೆ ಸಾಕು, ಅವಳು ನಮ್ಮಿಬ್ಬರ ನಡುವಿನಿಂದಲೇ ನುಗ್ಗಿ ಹೋಗುತ್ತಾಳೆ.

ಎಂ.ಎಸ್ಸಿ. ಮುಗಿಸಿ ಕಲಬುರಗಿಯಿಂದ ಶಹಾಪುರಕ್ಕೆ ಹಿಂದಿರುಗಿದ ವರ್ಷ ನಾನು ಈ ತಂಡ ಸೇರಿದೆ. ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಸ್ಯಶಾಸ್ತ್ರ ಕಲಿಸುತ್ತೇನೆ. ತಂಡದಲ್ಲಿ ನನ್ನನ್ನು ಹೆಸರಿನಿಂದ ಕರೆಯುವವರಿಲ್ಲ, ಮೇಡಂ ಅನ್ನುತ್ತಾರೆ. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ. ತಡವಾಗಿ ಬಂದವರು ದೂರದಿಂದಲೇ, “ಮೇಡಂ, ಹಾಜರಿ ಹಾಕ್ಕೊಳ್ರಿ, ನಾ ಬಂದೀನಿ” ಎಂದು ಕೂಗುತ್ತಾರೆ. ವಾರಕ್ಕೆ ಮೂರು ಸಂಜೆ, ಬೆಟ್ಟದ ಕೆಳಗಿನ ಒಂದು ಶಾಲೆಯ ಮೈದಾನದಲ್ಲಿ ಅಭ್ಯಾಸ. ಕಲಿಸುವವರು ನಿವೃತ್ತ ದೈಹಿಕ ಶಿಕ್ಷಕರು, ನಮ್ಮೆಲ್ಲರಿಗೂ ಸರ್. ನಾಯಕಿ ಪೊಲೀಸ್ ಪೇದೆ. ಮೂವತ್ತು ದಾಟಿದವಳು, ಎರಡು ಮಕ್ಕಳ ತಾಯಿ. ಅವಳನ್ನು ಎಲ್ಲರೂ ಅಕ್ಕ ಅನ್ನುತ್ತೇವೆ.

ನನ್ನ ಜೋಡಿ, ಅಂದರೆ ಕಾರ್ನರ್, ದೋರನಹಳ್ಳಿಯವಳು. ನನಗಿಂತ ಐದು ವರ್ಷ ಚಿಕ್ಕವಳು. ಪಿಯುಸಿ ಮುಗಿಸಿ ಹೊಲದ ಕೆಲಸಕ್ಕೆ ಹೋಗುತ್ತಾಳೆ. ಕೆಲಸ ಮುಗಿಸಿ, ಕೈಕಾಲು ತೊಳೆದು, ಬಸ್ಸನ್ನೋ ಟಂಟಂ ಆಟೋವನ್ನೋ ಹತ್ತಿ ಮೈದಾನಕ್ಕೆ ಬರುತ್ತಾಳೆ. ನಾನು ಮೊದಲ ದಿನ ಅವಳ ಪಕ್ಕ ನಿಂತಾಗ ಸರ್ ಹೇಳಿದ್ದರು: “ಬೆರಳಾಗ ಬೆರಳ್ ಸಿಗಿಸಬ್ಯಾಡ್ರಿ, ಮುರೀತಾವ. ಅಂಗೈಗೆ ಅಂಗೈ ಹಿಡೀರಿ. ರೊಟ್ಟಿ ಹಿಟ್ ನಾದತೀರಲ್ಲ, ಅಷ್ಟ ಒತ್ತಿ ಹಿಡೀರಿ.” ಅವಳು ಹಿಡಿದಳು. ನಾಲ್ಕು ವರ್ಷ ಹಿಡಿದಳು. ಅವಳ ಅಂಗೈಯಿಂದಲೇ ಹೊಲದಲ್ಲಿ ಏನು ನಡೆದಿದೆ ಎಂದು ನನಗೆ ತಿಳಿಯುತ್ತಿತ್ತು. ಹತ್ತಿ ಬಿಡಿಸುವ ಕಾಲದಲ್ಲಿ ಕಾಯಿಯ ಒಣಗಿದ ತುದಿ ತಾಗಿ ಬೆರಳ ತುಂಬ ಗೀರು. ಮೆಣಸಿನಕಾಯಿ ಬಿಡಿಸಿ ಬಂದ ದಿನ ಎಷ್ಟು ತೊಳೆದರೂ ಹೋಗದ ಉರಿ. ಆಟ ಮುಗಿಯುವ ಹೊತ್ತಿಗೆ ಆ ಉರಿ ನನ್ನ ಅಂಗೈಗೂ ಬಂದಿರುತ್ತಿತ್ತು. “ಮನಿಗಿ ಹೋಗೂ ಮಟ ಕಣ್ಣ ಮುಟ್ಕೋಬ್ಯಾಡ್ರಿ ಮೇಡಂ” ಎಂದು ಅವಳು ಎಚ್ಚರಿಸುತ್ತಿದ್ದಳು. ಎರಡು ಸಲ ಮರೆತು ಮುಟ್ಟಿಕೊಂಡಿದ್ದೇನೆ.

ನನಗೆ ಹೆಂಗಸರ ಮೇಲೆ ಮನಸ್ಸಾಗುತ್ತದೆ ಎಂಬುದು ಪಿಯುಸಿಯಲ್ಲಿದ್ದಾಗಲೇ ತಿಳಿದಿತ್ತು. ವಿಶ್ವವಿದ್ಯಾಲಯದಲ್ಲಿ ಒಬ್ಬಳಿದ್ದಳು. ಆಕೆಗೆ ಮದುವೆಯಾಗಿದೆ, ಅವಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಇದು ತಿಳಿದಂದಿನಿಂದ ನಾನು ಒಂದು ಲೆಕ್ಕ ಇಟ್ಟುಕೊಂಡು ಬದುಕಿದ್ದೆ. ಹಾಸ್ಟೆಲಿನಲ್ಲಿ ಯಾರಾದರೂ ಹೆಗಲ ಮೇಲೆ ಕೈ ಹಾಕಿದರೆ ಎಷ್ಟು ಹೊತ್ತು ಬಿಡಬೇಕು, ಯಾವಾಗ ಸರಿಯಬೇಕು, ತಲೆ ಬಾಚಿಕೊಡು ಎಂದರೆ ಏನು ನೆವ ಹೇಳಬೇಕು. ನಾಳೆ ಗೊತ್ತಾದಾಗ ಯಾರೂ ಹಿಂದಿನದನ್ನು ನೆನೆದು, ಅವತ್ತು ಹೀಗೆ ಮುಟ್ಟಿದ್ದಳು ಎನ್ನಬಾರದು. ಅದಕ್ಕಾಗಿ ಎಲ್ಲರಿಂದ ಒಂದು ಮೊಳ ದೂರ ಇರುವುದು ರೂಢಿಯಾಗಿತ್ತು. ಮೈದಾನದಲ್ಲಿ ಮಾತ್ರ ಆ ಲೆಕ್ಕ ಬೇಕಿರಲಿಲ್ಲ. ಅಲ್ಲಿ ಕೈ ಹಿಡಿಯುವುದು ಆಟದ ನಿಯಮದಷ್ಟೇ ಸಹಜವಾಗಿತ್ತು. ಹಿಡಿಯದಿದ್ದರೆ ಸರ್ ಬೈಯುತ್ತಿದ್ದರು. ಬೈಸಿಕೊಂಡು ಮತ್ತೊಬ್ಬರ ಕೈ ಹಿಡಿಯುವುದು ಎಷ್ಟು ನಿರಾಳ ಎಂಬುದನ್ನು ಅಂಥ ಲೆಕ್ಕ ಇಟ್ಟು ಅಭ್ಯಾಸವಿಲ್ಲದವರಿಗೆ ಹೇಳುವುದು ಕಷ್ಟ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ನಾನು ತಂಡ ಸೇರಿ ನಾಲ್ಕು ವರ್ಷವಾಗಿದ್ದಾಗ, ಸುರಪುರದಲ್ಲಿ ಪಂದ್ಯಗಳಿದ್ದವು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ನಾವು ಬುತ್ತಿ ಬಿಚ್ಚಿದ್ದೆವು. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸ್ವಲ್ಪ ದೂರದಲ್ಲಿ ಬೇರೆ ಜಿಲ್ಲೆಯ ತಂಡದ ಆಟಗಾರ್ತಿಯೊಬ್ಬಳು ಕೂತಿದ್ದಳು. ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದಳು. ಅವಳ ಜೊತೆ ಬಂದಿದ್ದ ಇನ್ನೊಬ್ಬ ಹೆಣ್ಣುಮಗಳು ಅವಳ ಮೊಣಕಾಲಿನ ಗಾಯ ಒರೆಸಿ, ಆಮೇಲೆ ಡಬ್ಬಿ ಬಿಚ್ಚಿ ಕೊಟ್ಟಳು. ನಮ್ಮವರಲ್ಲಿ ಒಬ್ಬಳು ಮೊಣಕೈಯಿಂದ ಪಕ್ಕದವಳಿಗೆ ತಿವಿದಳು.

“ನೋಡ್ರೆ, ಗಂಡ ಹೆಂಡತಿ ಉಣ್ಣಾಕತ್ತಾರ.”

“ಇಬ್ಬರೊಳಗ ಗಂಡ ಯಾರ?”

“ಯಾರ್ ಮೊದಲ ಉಣ್ತಾರ ಅವ್ರ ಗಂಡ.”

ಎಲ್ಲರೂ ನಕ್ಕರು. ನನ್ನ ಜೋಡಿ ರೊಟ್ಟಿ ಮುರಿಯುತ್ತ ಹೇಳಿದಳು: “ನಮ್ಮ ಟೀಮಿನಾಗ ಇಂಥಾಕಿ ಇದ್ದಿದ್ರ ನಾ ಅಂತೂ ಕೈ ಹಿಡೀತಿದ್ದಿಲ್ಲವ್ವಾ. ಹಿಡದ್ರ ಆಕಿ ಬಿಡಬೇಕಲ್ಲ!”

ಮತ್ತೆ ನಗೆ. ನಾನೂ ನಕ್ಕೆ. ಎಷ್ಟು ಬೇಕೋ ಅಷ್ಟು, ಉಳಿದವರಿಗಿಂತ ಮೊದಲು ನಿಲ್ಲಿಸದೆ. ಆ ಆಟಗಾರ್ತಿ ಒಮ್ಮೆ ನಮ್ಮತ್ತ ತಿರುಗಿ ನೋಡಿದಳು. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಆಮೇಲೆ ಅವಳನ್ನು ಎಲ್ಲಿಯೂ ಕಂಡಿಲ್ಲ. ನಕ್ಕವರಲ್ಲಿ ನಾನೂ ಇದ್ದೆ ಎಂಬುದು ಹಾಗೆಯೇ ಉಳಿದಿದೆ.

ಆ ಮಧ್ಯಾಹ್ನದ ಪಂದ್ಯದಲ್ಲಿ ನನ್ನ ಜೋಡಿ ಎಂದಿನಂತೆ ಕೈ ಚಾಚಿದಳು. ನಾನು ಹಿಡಿದೆ. ಆದರೆ ಹಿಡಿದುಕೊಂಡೇ ಯೋಚಿಸುತ್ತಿದ್ದೆ, ಗೊತ್ತಿದ್ದರೆ ಇವಳು ಈ ಕೈ ಕೊಡುತ್ತಿರಲಿಲ್ಲ ಎಂದು. ಗೊತ್ತಿಲ್ಲದವಳಿಂದ ನಾಲ್ಕು ವರ್ಷ ಪಡೆದದ್ದು ಕದ್ದದ್ದೇ ಆಯಿತಲ್ಲ ಎಂದೂ ಅನ್ನಿಸಿತು. ಈಗ ಅದು ಸರಿಯಾದ ಯೋಚನೆಯಲ್ಲ ಎಂದು ತಿಳಿದಿದೆ. ಆಗ ಅದರ ಹೊರತು ಬೇರೇನೂ ಹೊಳೆಯಲಿಲ್ಲ. ಶಹಾಪುರ ದೊಡ್ಡ ಊರಲ್ಲ. ಇಪ್ಪತ್ತೇಳು ದಾಟಿದರೂ ಮದುವೆಗೆ ಒಪ್ಪದ ಹೆಣ್ಣಿನ ಬಗ್ಗೆ ಇವತ್ತಲ್ಲ ನಾಳೆ ಮಾತು ಬರುತ್ತದೆ. ಬಂದ ದಿನ ಮೈದಾನದಲ್ಲಿ ಎಲ್ಲರ ಎದುರಿಗೆ ಅವಳು ಕೈ ಎಳೆದುಕೊಳ್ಳುತ್ತಾಳೆ. ಅದನ್ನು ನಿಂತು ನೋಡುವ ಶಕ್ತಿ ನನಗಿರಲಿಲ್ಲ. ಅವಳು ಬಿಡುವ ಮೊದಲು ನಾನೇ ಬಿಟ್ಟುಬಿಡಬೇಕು ಎಂದು ತೀರ್ಮಾನಿಸಿದೆ.

ಸೋಮವಾರ ಅಕ್ಕನಿಗೆ ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ಮೂರು ಸಲ ಬರೆದು ಅಳಿಸಿ, ಕೊನೆಗೆ ಉಳಿದದ್ದು ಎರಡೇ ಸಾಲು. ‘ಇನ್ನು ಮುಂದೆ ಅಭ್ಯಾಸಕ್ಕೆ ಬರಲಾಗುವುದಿಲ್ಲ. ಮನೆಯ ಕಾರಣ.’ ಸುಳ್ಳೂ ಅಲ್ಲದ, ನಿಜವೂ ಅಲ್ಲದ ಮಾತು ಎಂದು ನನಗೆ ಸ್ವಲ್ಪ ಸಮಾಧಾನವೂ ಆಯಿತು.

ಆದರೆ ನಮ್ಮ ತಂಡದಲ್ಲಿ ಹುಡುಗಿಯೊಬ್ಬಳು ಮನೆಯ ಕಾರಣಕ್ಕೆ ಆಟ ಬಿಡುತ್ತಾಳೆ ಎಂದರೆ ಅದಕ್ಕೆ ಇರುವುದು ಒಂದೇ ಕಾರಣ. ನಾನಿದ್ದ ನಾಲ್ಕು ವರ್ಷದಲ್ಲಿ ಐದು ಜನ ಹಾಗೆ ಬಿಟ್ಟಿದ್ದರು. ಐವರಿಗೂ ಮದುವೆ ಗೊತ್ತಾಗಿತ್ತು. ಮದುವೆಯಾದ ಮೇಲೂ ಆಡುವವಳು ಅಕ್ಕ ಒಬ್ಬಳೇ, ಅದೂ ನೌಕರಿಯ ಬಲದಿಂದ. ಬಿಟ್ಟು ಹೋಗುವವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಯಾರೋ ಎಂದೋ ಒಂದು ಪದ್ಧತಿ ಹಾಕಿದ್ದಾರೆ. ತವರಿನಿಂದ ಹೊರಡುವ ಮಗಳಿಗೆ ಉಡಿ ತುಂಬುವಂತೆ, ಮೈದಾನದ ನಟ್ಟನಡುವಿನ ಗೆರೆಯ ಮೇಲೆ ಕುರ್ಚಿ ಹಾಕಿ, ಅವಳನ್ನು ಮೂಡಣ ದಿಕ್ಕಿಗೆ ಮುಖ ಮಾಡಿ ಕೂರಿಸಿ ಉಡಿ ತುಂಬುತ್ತಾರೆ. ಟ್ರ್ಯಾಕ್ ಪ್ಯಾಂಟಿಗೆ ಸೆರಗೆಲ್ಲಿ? ಅದಕ್ಕೆ ಯಾರದಾದರೂ ಓಢಣಿ ತಂದು ಅವಳ ತೊಡೆಯ ಮೇಲೆ ಹಾಸುತ್ತಾರೆ. ಕುಂಕುಮ ಹಚ್ಚಿ ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಐದು ಸಲ ಬೊಗಸೆ ತುಂಬ ಅಕ್ಕಿ. ಅವಳು ಒಗೆದು ಮಡಚಿದ ಜೆರ್ಸಿಯನ್ನು ನಾಯಕಿಗೆ ಒಪ್ಪಿಸುತ್ತಾಳೆ. ಸರ್ ಆ ಹೊತ್ತಿಗೆ ಹೆಣ್ಣುಮಕ್ಕಳ ಕಾರ್ಯದಲ್ಲಿ ತಮಗೇನು ಕೆಲಸ ಎಂದು ಚಹಾ ಕುಡಿಯಲು ಹೋಗಿರುತ್ತಾರೆ.

ಇದೆಲ್ಲ ಗೊತ್ತಿದ್ದೂ ನನ್ನ ಸಂದೇಶವನ್ನು ಅವರು ಹೇಗೆ ಓದಿಕೊಳ್ಳುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಮದುವೆ ಎಂಬ ಮಾತನ್ನು ನನಗೆ ಅನ್ವಯಿಸಿ ಯೋಚಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಬುಧವಾರ ಅಕ್ಕ ಫೋನ್ ಮಾಡಿ, “ಶನಿವಾರ ಸಂಜಿಮುಂದ ಬಂದು ಜೆರ್ಸಿ ಕೊಟ್ಟು ಹೋಗ್ರಿ ಮೇಡಂ. ನೆನಪಿಲೆ ಬರ್ರಿ ಮತ್ತ” ಎಂದಳು. ದನಿಯಲ್ಲಿ ನಗು ಇತ್ತು. ಅದರಿಂದ ನನಗೆ ನೋವಾಯಿತು. ಹೋಗುತ್ತೇನೆಂದರೆ ಇವರಿಗೆ ಇಷ್ಟು ಸುಲಭವೇ ಅನ್ನಿಸಿತು.

ಶನಿವಾರ ಜೆರ್ಸಿಯನ್ನು ಚೀಲದಲ್ಲಿಟ್ಟುಕೊಂಡು ಮೈದಾನಕ್ಕೆ ಹೋದಾಗ ಯಾರೂ ಓಡುತ್ತಿರಲಿಲ್ಲ. ಎಲ್ಲರೂ ನಡುಗೆರೆಯ ಹತ್ತಿರ ಗುಂಪಾಗಿ ನಿಂತಿದ್ದರು. ಶಾಲೆಯ ಪ್ಲಾಸ್ಟಿಕ್ ಕುರ್ಚಿಯೊಂದು ಮೂಡಣಕ್ಕೆ ಮುಖ ಮಾಡಿಕೊಂಡು ಕೂತಿತ್ತು. ನನ್ನನ್ನು ಕಂಡದ್ದೇ ಕೂಗಾಟ ಶುರುವಾಯಿತು.

“ಬಂದ್ರು ಬಂದ್ರು, ಮದಲಗಿತ್ತಿ ಬಂದ್ರು!”

“ಭಾರಿ ಗಪ್‌ಚುಪ್ ಅದೀರಿ ಬಿಡ್ರಿ ಮೇಡಂ. ಮಾವ ಯಾವೂರಾವ?”

“ಮಾವನೂ ಮಾಸ್ತರ ಇರಬೇಕು. ಇಬ್ಬರೂ ಕೂಡಿ ದಿನಾ ಪೇಪರ್ ತಿದ್ದತಾರ.”

ನಾನು ಏನಾದರೂ ಹೇಳುವ ಮೊದಲೇ ಹೆಗಲು ಹಿಡಿದು ಕೂರಿಸಿದರು. ನನ್ನ ಜೋಡಿ ಓಢಣಿಯೊಂದನ್ನು ತೊಡೆಯ ಮೇಲೆ ಹಾಸಿದಳು. ಅವಳು ಮಧ್ಯಾಹ್ನವೇ ಕೆಲಸ ಬಿಟ್ಟು ಬಂದಿದ್ದಳು. ಖಣವನ್ನು ತಾನೇ ಬಜಾರಿಗೆ ಹೋಗಿ ಆರಿಸಿ ತಂದಿದ್ದಳು, ಹಸಿರು ಬಣ್ಣದ್ದು. “ಗಿಡದ ಪಾಠ ಮಾಡ್ತೀರಲ್ಲ, ಅದಕ್ಕ ಹಸರ ತಂದೀನಿ” ಎಂದಳು. ಅವಳ ಮುಖದಲ್ಲಿ ಖುಷಿಯೂ ಇತ್ತು, ಸ್ವಲ್ಪ ಸಿಟ್ಟೂ ಇತ್ತು. “ಜೋಡಿ ಆಗಿ ನಿಂತಾಕಿ ನಾ. ನನಗರ ಮೊದಲ ಹೇಳಬೇಕಿಲ್ಲೇನ್ರಿ?”

ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಗ್ಗಿದಳು. ಆ ಕ್ಷಣದಲ್ಲಿ ಸುಮ್ಮನಿರಬಹುದಿತ್ತು. ಉಡಿ ತುಂಬಿಸಿಕೊಂಡು, ನಕ್ಕು, ಜೆರ್ಸಿ ಕೊಟ್ಟು ಮನೆಗೆ ಹೋಗಬಹುದಿತ್ತು. ನಾನು ಸುಮ್ಮನಿರುವುದರಲ್ಲಿ ಪಳಗಿದವಳು. ಆದರೆ ಅವಳು ಬಿಸಿಲಲ್ಲಿ ಹೋಗಿ ಆರಿಸಿದ ಆ ಹಸಿರು ಖಣವನ್ನು, ಆಗದ ಮದುವೆಯ ಹೆಸರಿನಲ್ಲಿ ತೆಗೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಅಕ್ಕನ ಕೈ ತಡೆದೆ.

“ಅಕ್ಕಾ, ತಡೀರಿ. ಮದುವಿ ಇಲ್ಲ.”

“ಮುರೀತೇನು?” ಎಂದು ಅಕ್ಕ ಗಾಬರಿಯಾದಳು.

“ಮುರಿಯಾಕ ಗೊತ್ತ ಆಗಿದ್ರ ತಾನ? ಯಾವ ಮದುವೀನೂ ಇಲ್ಲ.”

“ಮತ್ತ ಮನಿ ಕಾರಣ ಅಂದೀರಲ್ಲ. ಮನ್ಯಾಗ ಬ್ಯಾಡ ಅಂದ್ರೇನು?”

“ಇಲ್ಲ.”

“ಸರ್ ಏನರ ಅಂದ್ರೇನು?”

“ಇಲ್ಲ ಅಕ್ಕಾ.”

“ನಮ್ಮೊಳಗ ಯಾರರ ಏನರ ಅಂದಾರೇನು?”

ನಾನು ತಲೆ ತಗ್ಗಿಸಿದೆ. ನನ್ನ ಜೋಡಿ ಓಢಣಿಯ ಅಂಚು ಹಿಡಿದುಕೊಂಡೇ ಕೇಳಿದಳು: “ಯಾರ್ ಅಂದಾರ? ಹೆಸರ್ ಹೇಳ್ರಿ, ನಾ ಕೇಳ್ತೀನಿ ಆಕೀಗಿ.”

“ನೀನ ಅಂದೀದಿ. ಸುರಪುರದಾಗ, ಉಣ್ಣೂ ಮುಂದ. ಕೈ ಹಿಡೀತಿದ್ದಿಲ್ಲ ಅಂದಿ.”

ಅವಳಿಗೆ ನೆನಪಿಗೆ ಬರಲು ಸ್ವಲ್ಪ ಹೊತ್ತಾಯಿತು. “ಅದಾ? ಅದು ಆ ಕೂದಲ ಕತ್ತರಿಸಿದಾಕಿಗೆ ಅಂದಿದ್ದು. ನಿಮಗೇನಾತ್ರಿ?”

“ನಾನೂ ಅಂಥಾಕೀನ.”

ಹೀಗೆ ಹೇಳುತ್ತೇನೆಂದು ಮನಸ್ಸಿನಲ್ಲಿ ಎಂದೂ ಅಭ್ಯಾಸ ಮಾಡಿರಲಿಲ್ಲ. ಪತ್ರಿಕೆಗಳಲ್ಲಿ ಇದಕ್ಕೆ ಬಳಸುವ ಮಾತು ನನಗೆ ಇಷ್ಟವಿಲ್ಲ, ಅದು ಅವರಿಗೆ ಅರ್ಥವೂ ಆಗುತ್ತಿರಲಿಲ್ಲ. ಯಾರಿಗೂ ತಪ್ಪು ತಿಳಿಯಬಾರದೆಂದು ಇನ್ನೊಂದು ಮಾತು ಸೇರಿಸಿದೆ: “ನನಗ ಗಂಡಸರ ಮ್ಯಾಲ ಮನಸ್ ಆಗಂಗಿಲ್ಲ. ಹೆಣ್ಮಕ್ಕಳ ಮ್ಯಾಲ ಆಗತದ. ಮದುವಿ ಅದಕ್ಕ ಇಲ್ಲ.”

ಯಾರೂ ನಗಲಿಲ್ಲ. ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹೋದ ಸದ್ದು ಪೂರ್ತಿ ಕೇಳಿಸಿತು. ಒಬ್ಬಳು ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ನಿಂತಿದ್ದಳು. ಅದನ್ನು ಹಾಕಬೇಕೋ ಬಿಡಬೇಕೋ ತಿಳಿಯದೆ ಅಕ್ಕನ ಮುಖ ನೋಡುತ್ತಿದ್ದಳು.

“ಅಕ್ಕಾ, ಇದನ್ನೇನ್ ಮಾಡ್ಲಿ? ಕೈ ಸೋಲಾಕತ್ತಾವ.”

ಅಕ್ಕ ಕುಂಕುಮದ ಬಟ್ಟಲನ್ನು ಕೆಳಗಿಟ್ಟಳು. “ಚೀಲದಾಗ ಹಾಕು. ಉಡಿ ಹೋಗಾಕಿಗೆ ತುಂಬೂದು. ಮದುವಿ ಇಲ್ಲಂದ್ರ ಇವ್ರು ಎಲ್ಲಿಗಿ ಹೋಗ್ತಾರ?” ಆಮೇಲೆ ನನ್ನ ಕಡೆ ತಿರುಗಿದಳು. “ಮದುವಿ ಇಲ್ಲ, ಮನ್ಯಾಗ ಬ್ಯಾಡ ಅಂದಿಲ್ಲ, ಕಾಲ್ ಮುರದಿಲ್ಲ. ಮತ್ತ ಜೆರ್ಸಿ ಯಾಕ ತಂದೀರಿ?”

“ಗೊತ್ತಾದ ಮ್ಯಾಲ ನಿಮಗ ತ್ರಾಸ ಆಗತದ ಅಂತ.”

“ನಂಗೇನ್ ತ್ರಾಸಿಲ್ಲ. ನಮ್ಮ ಡಿಪಾರ್ಟ್‌ಮೆಂಟಿನಾಗ ಇಬ್ಬರು ಅದಾರ. ಎಲ್ಲರಿಗೂ ಗೊತ್ತದ, ಯಾರೂ ಬಾಯಿ ಬಿಡಂಗಿಲ್ಲ. ಡ್ಯೂಟಿ ಬರೋಬ್ಬರಿ ಮಾಡ್ತಾರ.” ಎಲ್ಲರನ್ನೂ ಒಂದು ಸುತ್ತು ನೋಡಿ, ಠಾಣೆಯ ದನಿಯಲ್ಲಿ ಹೇಳಿದಳು: “ಈ ಮಾತ ಈ ಗೆರಿ ದಾಟಿ ಹೋಯ್ತಂದ್ರ ನನ್ನಷ್ಟ ಕೆಟ್ಟಾಕಿ ಇಲ್ಲ. ತಿಳೀತಿಲ್ಲ? ಕೊಬ್ಬರಿ ಒಡೀರಿ, ಉತ್ತತ್ತಿ ಹಂಚ್ರಿ. ಸರ್ ಬರೂದ್ರಾಗ ಓಡಾಕ ಶುರು ಮಾಡ್ರಿ.”

ಕೊಬ್ಬರಿ ಹಂಚಿದರು, ತಿಂದರು. ಕುರ್ಚಿ ಒಳಗೆ ಹೋಯಿತು. ಆದರೆ ನನ್ನ ಜೋಡಿ ಕೊಬ್ಬರಿ ತೆಗೆದುಕೊಳ್ಳಲಿಲ್ಲ. ಓಢಣಿಯನ್ನು ಮಡಚಿ ಯಾರದೋ ಕೈಗಿಟ್ಟು, ಚಪ್ಪಲಿ ಹಾಕಿಕೊಂಡು, “ಬಸ್ ಅದ” ಎಂದಷ್ಟೇ ಹೇಳಿ ಹೋಗಿಬಿಟ್ಟಳು. ಆ ಹೊತ್ತಿಗೆ ದೋರನಹಳ್ಳಿಯ ಕಡೆಗೆ ಬಸ್ಸಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮನೆಯಲ್ಲಿ, ಒಗೆದ ಜೆರ್ಸಿ ಹಾಗೆಯೇ ವಾಪಸು ಬಂದದ್ದನ್ನು ನೋಡಿ ಅವ್ವ, “ಇವತ್ತ ಆಡ್ಲಿಲ್ಲೇನು?” ಎಂದಳು. ಇಲ್ಲ ಎಂದೆ. ಮನೆಯಲ್ಲಿ ಇಂದಿಗೂ ಹೇಳಿಲ್ಲ. ಹೇಳುವ ದಿನ ಬರಬಹುದು. ಹದಿಮೂರು ಜನರಿಗೆ ಒಂದೇ ಉಸಿರಿನಲ್ಲಿ ಹೇಳಿದವಳಿಗೆ ಅಪ್ಪ, ಅವ್ವ ಇಬ್ಬರಿಗೆ ಹೇಳುವುದು ಇಷ್ಟು ಕಷ್ಟವಾಗುವುದು ಏಕೆ ಎಂದು ಕೆಲವೊಮ್ಮೆ ಯೋಚಿಸುತ್ತೇನೆ.

ಮುಂದಿನ ವಾರ ನನ್ನ ಜೋಡಿ ಬರಲಿಲ್ಲ. ಮೆಣಸಿನಕಾಯಿ ಬಿಡಿಸುವ ಕೆಲಸ ಹೆಚ್ಚಿದೆ ಎಂದು ಅಕ್ಕನಿಗೆ ಹೇಳಿದ್ದಳಂತೆ. ಮತ್ತೊಬ್ಬ ಹುಡುಗಿ ಪೂರ್ತಿ ಬಿಟ್ಟಳು, ಕಾರಣ ಹೇಳಲಿಲ್ಲ. ಅವಳಿಗೆ ಯಾರೂ ಉಡಿ ತುಂಬಲಿಲ್ಲ. ಉಳಿದವರು ಬಂದರು. ಮೊದಲೆರಡು ದಿನ ಅತಿಯಾದ ಮರ್ಯಾದೆ. ಬಟ್ಟೆ ಬದಲಿಸುವ ಕೋಣೆಗೆ ನಾನು ಹೋದರೆ ಒಬ್ಬಿಬ್ಬರು ಹೊರಗೆ ಬರುತ್ತಿದ್ದರು. ನಾನೇ ಮನೆಯಿಂದ ಬಟ್ಟೆ ಬದಲಿಸಿಕೊಂಡು ಬರತೊಡಗಿದೆ. ಅಕ್ಕ ಅದನ್ನು ಗಮನಿಸಿ, “ಮೇಡಂ, ಹಾದ್ಯಾಗ ಟ್ರ್ಯಾಕ್ ಪ್ಯಾಂಟ್ ಹೊಲಸ ಮಾಡ್ಕೊಂಡು ಬರಬ್ಯಾಡ್ರಿ, ಒಳಗ ಹೋಗ್ರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಒಳಗೆ ಹೋದೆ. ಆ ದಿನ ಯಾರೂ ಹೊರಗೆ ಬರಲಿಲ್ಲ.

ಎರಡನೇ ವಾರ ನನ್ನ ಜೋಡಿ ಬಂದಳು. ನನ್ನತ್ತ ನೋಡದೆ ಎಡ ಮೂಲೆಗೆ ಹೋಗಿ ನಿಂತಳು. ನಾನು ಪಕ್ಕ ನಿಂತೆ. ಏನೂ ತಿಳಿಯದ ಸರ್ ಸೀಟಿ ಊದಿ, “ಚೈನ್ ಹಿಡೀರಿ” ಎಂದರು. ಅವಳು ಕೈ ಚಾಚಿದಳು. ಆದರೆ ಅಂಗೈಗೆ ಅಂಗೈ ಇಡಲಿಲ್ಲ. ಎರಡು ಬೆರಳಿನಿಂದ ನನ್ನ ಮಣಿಕಟ್ಟನ್ನು ಹಿಡಿದಳು, ಬಿಸಿ ಬೋಗುಣಿ ಹಿಡಿದ ಹಾಗೆ. ನಾನೂ ತೋಳನ್ನು ಸಡಿಲ ಬಿಟ್ಟೆ. ಅವಳಿಗೆ ಯಾವಾಗ ಬೇಕೆನಿಸಿದರೂ ಬಿಡಲು ಸುಲಭವಾಗಲಿ ಎಂದು. ಆ ಸಂಜೆ ರೈಡರುಗಳೆಲ್ಲ ನಮ್ಮಿಬ್ಬರ ನಡುವಿನಿಂದಲೇ ಹೋದರು. “ಏನ್ ಹಾವ್ ಹಿಡದೀರೇನ್ರಿ?” ಎಂದು ಸರ್ ಬೈದರು.

ಅಭ್ಯಾಸ ಮುಗಿದ ಮೇಲೆ ನಲ್ಲಿಯ ಹತ್ತಿರ ನಾವಿಬ್ಬರೇ ಉಳಿದೆವು. ಅವಳು ಕಾಲ ಮೇಲೆ ನೀರು ಹಾಕಿಕೊಳ್ಳುತ್ತ, ನೀರಿಗೇ ಕೇಳಿದ ಹಾಗೆ ಕೇಳಿದಳು.

“ಮೇಡಂ, ಒಂದ್ ಮಾತ ಕೇಳ್ತೀನಿ. ಖರೆ ಹೇಳ್ರಿ.”

“ಕೇಳು.”

“ನಾಕ್ ವರ್ಷ ಕೈ ಹಿಡಕೊಂಡ್ ನಿಂತೀವಿ. ನನ್ನ ಮ್ಯಾಲ ನಿಮಗ ಏನರ…”

“ಇಲ್ಲ.”

“ಯಾವತ್ತೂ?”

“ಯಾವತ್ತೂ ಇಲ್ಲ.”

ಅವಳು ನಲ್ಲಿ ನಿಲ್ಲಿಸಿದಳು. “ಒಂದೀಟೂ ಇಲ್ಲೇನು?”

“ಇಲ್ಲ ಅಂದ್ನೆಲ್ಲ.”

“ಯಾಕ? ನಾ ಛಂದ ಇಲ್ಲೇನು?”

ನಾನು ಅವಳ ಮುಖ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿ ಸ್ವಲ್ಪ ಬೇಸರವಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ ತಾನು ಏನು ಕೇಳಿದೆನೆಂದು ಆಗ ಅರಿವಾಗಿ, ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಮತ್ತೆ ಗಂಭೀರವಾದಳು. “ನಾ ಅವತ್ತ ಅಂದಿದ್ದು ಅಂದೀನಿ. ನೀವ ಅಂತ ಗೊತ್ತಿದ್ದಿಲ್ಲ. ಈಗೂ ನಂಗ ಪೂರಾ ತಿಳಿದಿಲ್ಲ ನೋಡ್ರಿ. ಸುಳ್ಳ್ಯಾಕ ಹೇಳ್ಲಿ?” ನನಗೆ ಆ ಮಾತು ಸಾಕಾಗಿತ್ತು. ಅವಳು ಎಲ್ಲ ತಿಳಿಯಿತೆಂದು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅದಾದ ತಿಂಗಳಿಗೆ ಯಾದಗಿರಿಯಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಆ ಹೊತ್ತಿಗೆ ಅವಳ ಎರಡು ಬೆರಳಿನ ಹಿಡಿತ ಹೋಗಿ ಮೊದಲಿನ ಅಂಗೈ ಬಂದಿತ್ತು. ದಿನಕ್ಕೊಂದು ಬೆರಳಿನಂತೆ ಬಂದಿತು ಅನ್ನಬಹುದು, ನಾನು ಗಮನಿಸುತ್ತಿದ್ದೆ. ಆದರೆ ನನ್ನ ಕೈ ಬದಲಾಗಿರಲಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ.

ಪಂದ್ಯ ಕೊನೆಯ ಹಂತಕ್ಕೆ ಬಂದಾಗ ನಾವು ಒಂದೇ ಅಂಕ ಹಿಂದಿದ್ದೆವು. ಎದುರಿನ ರೈಡರ್ ಬಂದಳು. ನಮ್ಮ ಮೂಲೆಯತ್ತಲೇ ಬಂದು, ಕಾಲು ಚಾಚಿ ನನ್ನ ಜೋಡಿಯನ್ನು ಕೆಣಕಿದಳು. ಆಳ ಬಂದಿದ್ದಳು, ನಾವು ಕಾಯುತ್ತಿದ್ದುದೇ ಅದಕ್ಕೆ. ನನ್ನ ಜೋಡಿ ನನ್ನ ಕೈಯನ್ನು ಬಲವಾಗಿ ಎಳೆದಳು, ಸುತ್ತು ಎಂದು. ನಾವು ಸುತ್ತಿದೆವು. ರೈಡರ್ ನಮ್ಮ ಕೈಗಳಿಗೆ ಎದೆ ಕೊಟ್ಟು ನುಗ್ಗಿದಳು. ಆಗ ನನ್ನ ಜೋಡಿ ನನ್ನ ಮೈಗೆ ಪೂರ್ತಿ ಒರಗಿದಳು. ಹಾಗೆ ಒರಗಲೇಬೇಕು, ಇಲ್ಲದಿದ್ದರೆ ಆ ಭಾರ ತಡೆಯುವುದಿಲ್ಲ. ನಾನು ಹನ್ನೆರಡು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದೆ, ಮೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಕೈ ಜಾರಿತು. ರೈಡರ್ ಹೋದಳು. ಆಮೇಲೆ ನಮ್ಮವರಿಗೆ ಅಂಕ ಬರಲಿಲ್ಲ. ಸೀಟಿ ಆಯಿತು, ಸೋತೆವು.

ಎದುರು ತಂಡದವರ ಕೈ ಕುಲುಕಿ ಹೊರಗೆ ಬಂದದ್ದೇ ತಡ, ನನ್ನ ಜೋಡಿ ನೀರಿನ ಬಾಟಲಿಯನ್ನು ನೆಲಕ್ಕೆ ಒಗೆದಳು.

“ಯಾಕ ಬಿಟ್ಟಿ?”

ಸುತ್ತಲಿದ್ದವರು ತಿರುಗಿ ನೋಡಿದರು. ನಾಲ್ಕು ವರ್ಷದಲ್ಲಿ ಅವಳು ನನಗೆ ಮೇಡಂ ಎನ್ನದೆ, ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು.

“ಜಾರಿತು” ಎಂದೆ.

“ಜಾರಿಲ್ಲ, ಬಿಟ್ಟಿ! ನನಗೇನ್ ಕಣ್ಣಿಲ್ಲೇನು? ನಾ ಬಂದು ಬಿದ್ದೆ, ನೀ ಹಿಂದ ಸರದಿ. ಒಂದ್ ತಿಂಗಳ ಆತು, ಹಿಂಗ ಮಾಡಾಕತ್ತಿ. ನಾ ಹಿಡೀತೀನಿ, ನೀ ತೋಳ ಜೋಲ ಬಿಡತಿ. ನಾ ಬಿಡಂಗಿಲ್ಲ ಅಂದಮ್ಯಾಲ ನಿನಗೇನು?”

“ನಿನಗ ಹೆಂಗೋ ಅನಸಬಾರದು ಅಂತ…”

“ನನಗ ಹೆಂಗ ಅನಸ್ತದ ಅಂತ ನನ್ನ ಕೇಳೀಯೇನು? ಸೋತ್ರ ಹೆಂಗ ಅನಸ್ತದ ಅದನ್ನ ಕೇಳು!”

ಅಕ್ಕ ನಡುವೆ ಬರಲಿಲ್ಲ. ಶೂ ದಾರ ಬಿಚ್ಚುತ್ತ ಕೂತಿದ್ದಳು. ಸರ್ ಮಾತ್ರ, “ಆಕಿ ಹೇಳೂದು ಖರೆ ಅದ ನೋಡ್ರಿ ಮೇಡಂ. ನಾನೂ ನೋಡಾಕತ್ತೀನಿ, ಇತ್ತೀಚೆ ನೀವ್ ಭಾಳ ದೂರ ನಿಂದರ್ತೀರಿ” ಎಂದರು.

ಶಹಾಪುರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಬೈದಳು. ಆ ಒಂದು ರೈಡನ್ನು ಐದಾರು ಸಲ ಹೇಳಿದಳು. ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ, “ಏನವಾ, ಅಕ್ಕ ತಂಗಿ ಹೊಲಕ್ಕ ಜಗಳ ಮಾಡಾಕತ್ತೀರೇನು?” ಎಂದು ಕೇಳಿದರು. “ಹೊಲಾ ಆದ್ರ ಹಂಚಕೋಬಹುದಿತ್ರೀ ಯಜ್ಜಾ, ಇದು ಪಾಯಿಂಟು” ಎಂದಳು. ನಾನು ಕಿಟಕಿಯತ್ತ ತಿರುಗಿ ಕೂತಿದ್ದೆ. ತಪ್ಪು ನನ್ನದೇ ಎಂದು ಬೇಸರವಾಗಿತ್ತು. ಆದರೆ ಆ ಬೇಸರದೊಳಗೆ, ಇವಳು ನನ್ನನ್ನು ಬೈಯುತ್ತಿರುವುದು ನಾನು ಕೆಟ್ಟದಾಗಿ ಆಡಿದ್ದಕ್ಕೆ ಮಾತ್ರ, ಬೇರೆ ಯಾವುದಕ್ಕೂ ಅಲ್ಲ ಎಂಬುದು ನಿಧಾನವಾಗಿ ತಿಳಿಯುತ್ತಿತ್ತು. ಅವಳು ಕೈ ಎಳೆದುಕೊಳ್ಳುವ ದಿನಕ್ಕೆ ಹೆದರಿ ಇಷ್ಟು ದೂರ ಬಂದಿದ್ದೆ. ಅವಳು ಬಿಡಲಿಲ್ಲ. ಮೊದಲು ತಂಡವನ್ನು, ಈಗ ಕೈಯನ್ನು, ಎರಡೂ ಸಲ ಬಿಟ್ಟವಳು ನಾನು.

ಶಹಾಪುರದಲ್ಲಿ ಇಳಿದಾಗ ಸಂಜೆ ಇನ್ನೂ ಬೆಳಕಿತ್ತು. ಅವಳು ಚೀಲ ಹೆಗಲಿಗೇರಿಸಿ, ದೋರನಹಳ್ಳಿಯ ಟಂಟಂ ಹತ್ತುವ ಮೊದಲು ತಿರುಗಿ ನಿಂತಳು.

“ಸೋಮವಾರ ಎಲ್ಲರಕಿಂತ ಅರ್ಧಾ ತಾಸ ಮೊದಲ ಬರ್ರಿ ಮೇಡಂ. ಹೊಸದಾಗಿ ಕಲಸ್ತೀನಿ, ಹ್ಯಾಂಗ ಹಿಡೀಬೇಕಂತ.”

“ಕಾಲೇಜು ಮುಗಿಯೋದು ಐದಕ್ಕ.”

“ಹುಡುಗರನ್ನ ಲಗೂನ ಬಿಡ್ರಿ. ಅವಕ್ಕೂ ಖುಷಿ ಆಗತದ.”

ಸೋಮವಾರ ಕೊನೆಯ ತರಗತಿಯನ್ನು ಹತ್ತು ನಿಮಿಷ ಮೊದಲೇ ಮುಗಿಸಿದೆ. ಹಾಗೆ ಮಾಡಿದ್ದು ಅದೊಂದೇ ದಿನ. ಮೈದಾನಕ್ಕೆ ಹೋದಾಗ ಅವಳು ಬಂದಿರಲಿಲ್ಲ. ನಾನು ಗೆರೆಗಳಿಗೆ ಸುಣ್ಣದ ಪುಡಿ ಹಾಕುತ್ತ ಕಾದೆ. ಇಪ್ಪತ್ತು ನಿಮಿಷದ ಮೇಲೆ ಓಡುತ್ತ ಬಂದಳು, ಟಂಟಂ ಪಂಕ್ಚರ್ ಆಗಿತ್ತಂತೆ. ಚಪ್ಪಲಿಯನ್ನು ಗೋಡೆಯ ಹತ್ತಿರ ಬಿಟ್ಟು, ಏದುಸಿರು ಬಿಡುತ್ತಲೇ ಎಡ ಮೂಲೆಗೆ ಹೋಗಿ ನಿಂತಳು.

“ಏನ್ ನೋಡ್ತೀರಿ? ಬರ್ರಿ, ಹಿಂದ ಸರಿಯೂದು ಬಿಟ್ಟು ಈಗ ನನ್ನ ದೂಡ್ರಿ. ಜೋರಲೆ ದೂಡ್ರಿ.”

ದೂಡಿದೆ. ಅವಳು ಹಿಂದಕ್ಕೆ ಎರಡು ಹೆಜ್ಜೆ ಹೋಗಿ ನಿಂತು, “ಇಷ್ಟ ಏನು?” ಎಂದಳು.

ಮತ್ತೆ ದೂಡಿದೆ.